ಮಳೆ ಬೆಳಕಲ್ಲಿ ಆರಿಸಿದ ಬಣ್ಣ

ಕೊಡಗಿನಲ್ಲಿ ಮನೆಗೆ ಪೇಂಟ್ ಹೊಡೆಸಲು ಸಿಗುವ ಸಮಯ ತೀರಾ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗೋಡೆ ಒಣಗುವ ಮಾತೇ ಇಲ್ಲ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು. ಮೊದಲು ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ, ಜೊತೆಗೆ ಕಾಳುಮೆಣಸು. ಆಗ ಆಳು ಸಿಗುವುದಿಲ್ಲ. ಕಣದಲ್ಲಿ ಹರಡಿದ ಕಾಫಿ ಬಿಟ್ಟು ಮನೆ ಕಡೆ ನೋಡಲೂ ಪುರಸೊತ್ತಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪೇಂಟರ್‌ಗಳೆಲ್ಲ ಮದುವೆ ಮನೆಗಳಿಗೆ ಬುಕ್ ಆಗಿರುತ್ತಾರೆ. ಹಾಗಾಗಿ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ, ಕೊಯ್ಲು ಶುರುವಾಗುವ ಮುಂಚೆ ಕೆಲಸ ಮುಗಿಸೋಣ ಅಂತ 2025ರಲ್ಲಿ ತೀರ್ಮಾನ ಮಾಡಿದೆವು.

ಬಣ್ಣ ಹಚ್ಚಿದ್ದು ಆಗ. ಆದರೆ ಆರಿಸಿದ್ದು ಜುಲೈ, ಆಗಸ್ಟ್‌ನ ಜೋರು ಮಳೆಯಲ್ಲಿ. ಬೇಕೆಂದೇ ಹಾಗೆ ಮಾಡಿದೆವು. ವರ್ಷದಲ್ಲಿ ನಾಲ್ಕು ತಿಂಗಳು ನಾವು ಮನೆಯೊಳಗೇ ಇರುವವರು. ಹೊರಗೆ ಮೋಡ, ಮಂಜು, ಸಿಲ್ವರ್ ಓಕ್ ಮರಗಳ ನೆರಳು. ಗೋಡೆಯನ್ನು ನಾವು ಜಾಸ್ತಿ ನೋಡುವುದೇ ಆ ಬೆಳಕಿನಲ್ಲಿ. ಡಿಸೆಂಬರ್ ಬಿಸಿಲಲ್ಲಿ ಯಾವ ಬಣ್ಣವೂ ಚೆಂದವೇ ಕಾಣುತ್ತದೆ. ಆಷಾಢದ ಮಧ್ಯಾಹ್ನ ಮೂರು ಗಂಟೆಗೆ ಕರೆಂಟ್ ಇಲ್ಲದ ಹೊತ್ತಿನಲ್ಲಿ ಹೇಗೆ ಕಾಣುತ್ತದೆ ಅನ್ನುವುದೇ ಇಲ್ಲಿಯ ನಿಜವಾದ ಪರೀಕ್ಷೆ.

ನಮ್ಮದು ಮಾದಾಪುರದ ಹತ್ತಿರ ಇರುವ ಹಳೆ ಮನೆ. ಮಾವನವರ ತಂದೆ ಕಟ್ಟಿಸಿದ್ದು. ಮಂಗಳೂರು ಹೆಂಚು, ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಸುಣ್ಣದ ಗಾರೆ. ಬಾಗಿಲು, ಕಿಟಕಿ ಎಲ್ಲ ಬೀಟೆ ಮತ್ತು ಹಲಸಿನ ಮರ. ನೆಲ ಕೆಂಪು ಕಾವಿಯದು. ವರ್ಷಗಟ್ಟಲೆ ಒರೆಸಿ, ಎಣ್ಣೆ ಸವರಿ, ಈಗ ಅದರಲ್ಲಿ ಕಿಟಕಿಯ ಸರಳುಗಳ ಬಿಂಬ ಕಾಣುತ್ತದೆ. ಒಂದೆರಡು ಕಡೆ ಬಿರುಕಿದೆ, ಅಷ್ಟೇ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಆಸೆ. ನಮ್ಮವರಿಗೆ ಎಲ್ಲ ಕಡೆ ತಿಳಿ ಬೂದು ಬಣ್ಣ ಬೇಕು, ನೆಲಕ್ಕೂ ಬೂದು ಟೈಲ್ಸ್ ಹಾಕಿಸಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ನೋಡಿ ಬಂದದ್ದು. ಮೈಸೂರಿನಲ್ಲಿ ಓದುವ ಮಗಳಿಗೆ ಗಾಢ ಬಣ್ಣದ ಹುಚ್ಚು. ಗೋಡೆ, ಸೀಲಿಂಗ್, ಬಾಗಿಲು ಎಲ್ಲಕ್ಕೂ ಒಂದೇ ಕಡು ಬಣ್ಣ ಹಚ್ಚುವ ಹೊಸ ಪದ್ಧತಿಯ ಫೋಟೋಗಳನ್ನು ದಿನಾ ಕಳಿಸುತ್ತಿದ್ದಳು. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಒಳಗೆ ಅಷ್ಟು ಬಣ್ಣ ಇದ್ದರೂ ಎಷ್ಟು ಚೆನ್ನಾಗಿದೆ ಅಲ್ವಾ ಅಮ್ಮ ಅನ್ನುವುದು ಅವಳ ವಾದ. ಅದು ನಿಜ. ಆದರೆ ಆ ಸಭಾಂಗಣದ ಎತ್ತರವೇ ಬೇರೆ. ಅಲ್ಲಿಗೆ ಹೋಗಿ, ಸ್ವಲ್ಪ ಹೊತ್ತು ಕೂತು, ಎದ್ದು ಬರುತ್ತೇವೆ. ದಿನವಿಡೀ ಇರುವ ಕೋಣೆಯ ಲೆಕ್ಕ ಬೇರೆ. ಅತ್ತೆಯದು ಒಂದೇ ಮಾತು. "ಗೋಡೆಗೆ ಏನು ಬೇಕಾದರೂ ಹಚ್ಚಿ. ನನ್ನ ನೆಲ ಮುಟ್ಟಬೇಡಿ."

ಈ ಫ್ಯಾಶನ್‌ಗಳು ಎಷ್ಟು ಬೇಗ ಬದಲಾಗುತ್ತವೆ ಅಂತ ನೋಡಲು ಪ್ಯಾಂಟೋನ್ ಕಂಪನಿ ವರ್ಷಕ್ಕೊಂದು ಘೋಷಿಸುವ ಬಣ್ಣಗಳನ್ನು ಸಾಲಾಗಿ ಇಟ್ಟುಕೊಂಡೆ. 2021ಕ್ಕೆ ಬೂದು ಮತ್ತು ಹೊಳೆಯುವ ಹಳದಿ, ಎರಡೂ ಒಟ್ಟಿಗೆ. 2023ಕ್ಕೆ ಕಡು ಕೆಂಪು ಗುಲಾಬಿಯ ವಿವಾ ಮಜೆಂಟಾ. 2024ಕ್ಕೆ ಪೀಚ್ ಹಣ್ಣಿನ ತಿಳಿ ಬಣ್ಣ. 2025ಕ್ಕೆ ಮೋಕಾ ಮೂಸ್, ಅಂದರೆ ಕಾಫಿ, ಚಾಕೊಲೇಟಿನ ಕಂದು. ನಮ್ಮ ಪೇಂಟ್ ಮುಗಿದ ಮೇಲೆ 2026ಕ್ಕೆ ಘೋಷಿಸಿದ್ದು ಕ್ಲೌಡ್ ಡಾನ್ಸರ್ ಅನ್ನುವ ಬಿಳಿ. ಜೋರು, ಮೆತ್ತಗೆ, ಮತ್ತೆ ಬಿಳಿ. ನಾವು ಪೇಂಟ್ ಹೊಡೆಸಿದರೆ ಮುಂದಿನ ಏಳೆಂಟು ವರ್ಷ ಅದೇ ಗೋಡೆ. ವರ್ಷ ವರ್ಷ ಬದಲಾಗುವುದನ್ನು ಪರದೆ, ಕುಶನ್ ಕವರ್‌ಗಳಲ್ಲಿ ತಂದುಕೊಳ್ಳಬಹುದು. ಗೋಡೆಗೆ ಮನೆಯೊಳಗಿನ ಕಾರಣವೇ ಬೇಕು ಅಂತ ಅನ್ನಿಸಿತು.

ಕುಶಾಲನಗರದ ಅಂಗಡಿಯಿಂದ ಶೇಡ್ ಕಾರ್ಡ್ ತಂದೆವು. ಕಾರ್ಡಿನಲ್ಲಿರುವ ಚೌಕ ಎರಡು ಬೆರಳಿನಷ್ಟು ಅಗಲ. ಅದೇ ಬಣ್ಣ ಗೋಡೆ ತುಂಬಾ ಬಂದಾಗ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಜೋರಾಗಿಯೇ ಕಾಣುತ್ತದೆ. ಅದಕ್ಕೆ ಸ್ಯಾಂಪಲ್ ಡಬ್ಬಿಗಳನ್ನು ತಂದು, ಎರಡು ಅಡಿ ಚೌಕದ ಪ್ಲೈವುಡ್ ತುಂಡುಗಳಿಗೆ ಪ್ರೈಮರ್ ಹಚ್ಚಿ, ಮೇಲೆ ಎರಡು ಕೋಟ್ ಬಣ್ಣ ಕೊಟ್ಟೆವು. ನೇರ ಗೋಡೆಗೇ ಹಚ್ಚಿ ನೋಡುವವರೇ ಜಾಸ್ತಿ. ಆದರೆ ಸುತ್ತ ಇರುವ ಹಳೆ ಬಣ್ಣ ಕಣ್ಣನ್ನು ಎಳೆಯುತ್ತದೆ. ಹಲಗೆಯಾದರೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಒಯ್ಯಬಹುದು. ನೆಲಕ್ಕೆ ತಾಗಿಸಿ ಇಡಬಹುದು. ಬೆಳಿಗ್ಗೆ ಒಂದು ಸಲ, ಮಳೆ ಕವಿದಾಗ ಒಂದು ಸಲ, ರಾತ್ರಿ ಬಲ್ಬ್ ಕೆಳಗೆ ಒಂದು ಸಲ ನೋಡಬಹುದು.

ಹಾಗೆ ನೋಡುತ್ತಾ ಹೋದಾಗ ಬೂದು ತಾನಾಗಿಯೇ ಬಿದ್ದುಹೋಯಿತು. ಮೋಡದ ಬೆಳಕಲ್ಲಿ ನೀಲಿಯ ಅಂಶ ಜಾಸ್ತಿ. ಜೊತೆಗೆ ಕಿಟಕಿಯಾಚೆಯ ತೋಟದ ಹಸಿರು ಬೇರೆ ಒಳಗೆ ಬೀಳುತ್ತದೆ. ಎರಡೂ ಸೇರಿ ತಿಳಿ ಬೂದಿನ ಹಲಗೆ ನೀಲಿಗೆ ತಿರುಗಿತು. ಪೂರ್ತಿ ಬಿಳಿ ಹಲಗೆ ಕಿಟಕಿ ಪಕ್ಕ ಇಟ್ಟಾಗ ಒಂದಿಷ್ಟು ಹಸಿರು ಹಸಿರಾಗಿ ಕಂಡಿತು. ಅದನ್ನೇ ನೆಲದ ಹತ್ತಿರ ತಂದರೆ ಗುಲಾಬಿ. ಕೆಂಪು ನೆಲದ ಮೇಲೆ ಬಿದ್ದ ಬೆಳಕು ಎದ್ದು ಬಂದು ಗೋಡೆಯ ಕೆಳಭಾಗಕ್ಕೆ ಬಣ್ಣ ಕೊಡುತ್ತದೆ. ಬೂದು ಹಲಗೆ ಅದೇ ಕೆಂಪು ನೆಲದ ಪಕ್ಕ ಇನ್ನೂ ಪೇಲವವಾಗಿ, ಹಸಿರು ಛಾಯೆಗೆ ಹೋಯಿತು. ನಮ್ಮವರೇ ಅದನ್ನು ಎತ್ತಿ ಪಕ್ಕಕ್ಕಿಟ್ಟರು.

ಪಕ್ಕದ ಬಣ್ಣ ಇನ್ನೊಂದು ಬಣ್ಣವನ್ನು ಹೀಗೆ ಬದಲಾಯಿಸುವ ಬಗ್ಗೆ ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲೇ ವಿವರವಾಗಿ ಬರೆದಿದ್ದಾರೆ. ಪ್ಯಾರಿಸ್ಸಿನ ಗೊಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದವರು ಅವರು. ಅಲ್ಲಿಯ ಕಪ್ಪು ನೂಲು ಕಪ್ಪಾಗಿ ಕಾಣುವುದಿಲ್ಲ ಅಂತ ದೂರು ಬರುತ್ತಿತ್ತಂತೆ. ಪರೀಕ್ಷೆ ಮಾಡಿದರೆ ನೂಲಿಗೆ ಹಾಕಿದ ಬಣ್ಣದಲ್ಲಿ ಏನೂ ಕೊರತೆ ಇರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲು ಕಪ್ಪಿನ ಕಳೆ ಕುಂದಿಸುತ್ತಿತ್ತು. ನಮ್ಮ ನಡುಮನೆಯಲ್ಲಿ ಬೂದು ಹಲಗೆಗೆ ಆದದ್ದು ಅದೇ ಸಂಗತಿ.

ಹಾಗೆ ನೋಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಡುಮನೆಗೆ ಗಾಢ ಬಣ್ಣ ಹೊಸದಾಗಿ ತರುವ ಅಗತ್ಯವೇ ಇಲ್ಲ. ಅದು ಕಾಲ ಕೆಳಗೇ ಇದೆ. ಇಡೀ ನೆಲ ಕೆಂಪು, ಮರ ಕಡು ಕಂದು, ಕಿಟಕಿ ತುಂಬಾ ಹಸಿರು. ಇವಿಷ್ಟೂ ನಮ್ಮ ಕೈಯಲ್ಲಿ ಬದಲಾಗದ ಬಣ್ಣಗಳು. ಮೊದಲು ಇವನ್ನು ಲೆಕ್ಕಕ್ಕೆ ತೆಗೆದುಕೊಂಡು, ಆಮೇಲೆ ಶೇಡ್ ಕಾರ್ಡ್ ತೆರೆಯಬೇಕು. ಡಿಸೈನರ್‌ಗಳು ಹೇಳುವ ಅರವತ್ತು, ಮೂವತ್ತು, ಹತ್ತರ ಲೆಕ್ಕ ಒಂದಿದೆ. ಕೋಣೆಯಲ್ಲಿ ನೂರಕ್ಕೆ ಅರವತ್ತು ಪಾಲು ಮುಖ್ಯ ಬಣ್ಣ, ಮೂವತ್ತು ಅದಕ್ಕೆ ಜೊತೆಯಾಗುವ ಬಣ್ಣ, ಹತ್ತು ಮಾತ್ರ ಎದ್ದು ಕಾಣುವ ಬಣ್ಣ. ಲೆಕ್ಕ ಸರಿಯೇ. ಆದರೆ ಅದನ್ನು ಓದುವವರು ಬರೀ ಗೋಡೆ, ಸೋಫಾ, ಪರದೆ ಅಂತ ಎಣಿಸುತ್ತಾರೆ. ನೆಲ ಮತ್ತು ಕಿಟಕಿಯನ್ನು ಬಿಟ್ಟುಬಿಡುತ್ತಾರೆ. ಕೊಡಗಿನ ಮನೆಯಲ್ಲಿ ಹಾಗೆ ಬಿಟ್ಟರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಮುಹೂರ್ತಕ್ಕೆ ಗೆಳತಿಯೊಬ್ಬಳು ಅವರ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಕರೆದಿದ್ದಳು. ಅವತ್ತು ಊಟಕ್ಕಿಂತ ಮನೆಯನ್ನೇ ಜಾಸ್ತಿ ನೋಡಿದೆ. ಕೈಯಾಲೆ ಅನ್ನುವ ಮುಂದಿನ ಜಗಲಿಯಲ್ಲಿ ಕಪ್ಪಗೆ ಹೊಳೆಯುವ ಮರದ ಕಂಬ, ಕೆಂಪು ನೆಲ, ಬಿಳಿ ಗೋಡೆ. ಒಳಗೆ ತೂಗುದೀಪ. ಬೇರೆ ಬಣ್ಣವೇ ಇಲ್ಲ, ಆದರೂ ಮನೆ ಸಪ್ಪೆ ಅನ್ನಿಸುವುದಿಲ್ಲ. ಗಂಡಸರು ಕುಪ್ಯಚೇಲೆ ಹಾಕಿಕೊಂಡಿದ್ದರು. ಮೈ ತುಂಬಾ ಕುಪ್ಯ ಅನ್ನುವ ಕಪ್ಪು ನಿಲುವಂಗಿ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಬೆಳ್ಳಿಯ ಪೀಚೆಕತ್ತಿ. ದೂರದಿಂದ ನೋಡಿದರೂ ಕಣ್ಣು ಮೊದಲು ಹೋಗುವುದು ಆ ಕೆಂಪಿಗೆ. ಕೆಂಪು ಇರುವುದು ಒಂದು ಪಟ್ಟಿಯಷ್ಟೇ. ಕಪ್ಪು ಅಷ್ಟು ಅಗಲವಾಗಿ ಇರುವುದರಿಂದಲೇ ಆ ಪಟ್ಟಿಗೆ ಅಷ್ಟು ಬೆಲೆ. ಫೋಟೋ ತೆಗೆದು ಮಗಳಿಗೆ ಕಳಿಸಿದೆ. "ಸರಿ ಅಮ್ಮ, ಅರ್ಥ ಆಯ್ತು. ಆದರೆ ನನ್ನ ರೂಮ್ ನನ್ನದು" ಅಂದಳು.

ನಡುಮನೆಯ ಗೋಡೆಗೆ ಒಂಚೂರು ಹಳದಿ ಬೆರೆತ ಕೆನೆ ಬಣ್ಣ ನಿಂತಿತು. ಮೋಡದ ನೀಲಿಗೂ, ನೆಲದ ಕೆಂಪಿಗೂ ಎರಡಕ್ಕೂ ತಡೆದುಕೊಂಡದ್ದು ಅದೊಂದೇ. ಕೆಲವು ಶೇಡ್ ಕಾರ್ಡ್‌ಗಳಲ್ಲಿ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವ ಅಳತೆ ಅದು. ಕಪ್ಪಿಗೆ 0, ಬಿಳಿಗೆ 100. ನಾವು ಆರಿಸಿದ ಕೆನೆ 80ರ ಆಸುಪಾಸು. ಕರೆಂಟ್ ಹೋದ ಮಧ್ಯಾಹ್ನ ಪೇಪರ್ ಓದಲು ಈ ಸಂಖ್ಯೆ ನಿಜಕ್ಕೂ ಮುಖ್ಯ. ಮಗಳು ಇಷ್ಟಪಟ್ಟ ಕಡು ನೀಲಿಯಲ್ಲಿ ಅದು ಹತ್ತಕ್ಕಿಂತ ಕೆಳಗೆ.

ಎದ್ದು ಕಾಣುವ ಬಣ್ಣಕ್ಕೆ ನಡುಮನೆಯಲ್ಲಿ ಜಾಗ ಸಿಕ್ಕಿದ್ದು ದೀಪದ ಗೂಡಿಗೆ. ಗೋಡೆಯಲ್ಲೇ ಒಂದು ಮೊಳ ಆಳಕ್ಕೆ ಬಿಟ್ಟ ಗೂಡು ಅದು. ಅದರ ಒಳಬದಿಗೆ ಮಾತ್ರ ಕಡು ನೀಲಿ. ಹಲಗೆ ಇಟ್ಟು ತೋರಿಸಿದಾಗ ಅತ್ತೆ ಕೇಳಿದರು. "ದೇವರ ಗೂಡಿಗೆ ಯಾಕೆ ಕಪ್ಪು?"

"ಕಪ್ಪಲ್ಲ ಅತ್ತೆ, ನೀಲಿ. ನಿಮಗೆ ಇಷ್ಟ ಇಲ್ಲ ಅಂದರೆ ಬೇಡ."

ದೀಪ ಹಚ್ಚಿ ಇಡು, ನೋಡೋಣ ಅಂದರು. ಇಟ್ಟೆ. ಹಿಂದಿನ ಕಡು ಬಣ್ಣದಿಂದ ದೀಪದ ಕುಡಿ, ಹಿತ್ತಾಳೆಯ ಅಂಚು ಎರಡೂ ಎದ್ದು ಬಂದವು. "ಇರಲಿ. ದೀಪ ಚೆನ್ನಾಗಿ ಕಾಣುತ್ತೆ" ಅಂದರು. ನೀಲಿ ಅವರಿಗೆ ಕಪ್ಪಾಗಿ ಕಂಡ ವಿಷಯ ನನ್ನ ತಲೆಯಲ್ಲಿ ಉಳಿಯಿತು. ಅದಕ್ಕೆ ಮುಂದೆ ಬರುತ್ತೇನೆ.

ಅಕ್ಟೋಬರ್‌ನಲ್ಲಿ ಮೇಸ್ತ್ರಿ ಬಂದರು. ಸೋಮವಾರಪೇಟೆ ಕಡೆಯವರು, ಹಳೆ ಮನೆಗಳ ಕೆಲಸ ಚೆನ್ನಾಗಿ ಗೊತ್ತಿರುವವರು. ಅವರು ಬಣ್ಣದ ಹಲಗೆಗಳನ್ನು ನೋಡಲೇ ಇಲ್ಲ. ಮೊದಲು ಎಲ್ಲ ಗೋಡೆಗೂ ಹಿಂಗೈ ಇಟ್ಟು ತಂಪು ನೋಡುತ್ತಾ ಹೋದರು. ಆಮೇಲೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಗಳನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಲ್ಲಲ್ಲಿ ಅಂಟಿಸಿದರು. "ನಾಳೆ ಬಂದು ನೋಡ್ತೀನಿ ಅಕ್ಕ. ಆಮೇಲೆ ಬಣ್ಣದ ಮಾತು." ಮಾರನೇ ದಿನ ಒಳಗಿನ ಗೋಡೆಗಳ ಮೇಲಿದ್ದ ಹಾಳೆ ಒಣಗಿತ್ತು. ನೈಋತ್ಯ ದಿಕ್ಕಿನ ಹೊರಗೋಡೆಯ ಹಾಳೆಯ ಒಳಗೆ ಸಣ್ಣ ಸಣ್ಣ ನೀರಿನ ಹನಿ ಕೂತಿತ್ತು. ನಮ್ಮಲ್ಲಿ ಮುಂಗಾರು ಬೀಸುವುದೇ ಆ ಕಡೆಯಿಂದ. ನಾಲ್ಕು ತಿಂಗಳು ನೀರು ಕುಡಿದ ಗೋಡೆ ಇನ್ನೂ ಒಳಗಿನ ತೇವ ಬಿಟ್ಟಿರಲಿಲ್ಲ.

ಆ ಗೋಡೆಯ ಒಳಬದಿಯಲ್ಲಿ ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು ಹೂವಿನಂತೆ ಎದ್ದಿತ್ತು. ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಗೋಡೆಯೊಳಗಿನ ಲವಣ ನೀರಲ್ಲಿ ಕರಗಿ, ನೀರು ಹೊರಗೆ ಬಂದು ಆರಿದಾಗ ಮೇಲೆ ಉಳಿಯುವುದು ಅದು. ತೊಳೆದರೆ ಮತ್ತೆ ಒಳಗೇ ಇಳಿಯುತ್ತದೆ. ಅದಕ್ಕೆ ಮೇಸ್ತ್ರಿ ಒಣ ಬ್ರಷ್‌ನಿಂದ ಉಜ್ಜಿ ಕೆಳಗೆ ಹಾಕಿದ ಪೇಪರ್ ಮೇಲೆ ಬೀಳಿಸಿ ತೆಗೆದರು. "ಇಲ್ಲಿಗೆ ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಹಾಕಿದ್ರೆ ಮುಂದಿನ ಮಳೆಗಾಲಕ್ಕೆ ಹಪ್ಪಳ ಎದ್ದ ಹಾಗೆ ಏಳುತ್ತೆ" ಅಂದರು. ಗೋಡೆ ಉಸಿರಾಡಬೇಕು. ಸುಣ್ಣವೇ ಅದಕ್ಕೆ ಸರಿ.

ನಮ್ಮ ಬಣ್ಣದ ಹಂಚಿಕೆ ನಿಂತದ್ದು ಇಲ್ಲಿ. ಉಪ್ಪು ಬಿಳಿ. ಬೂಷ್ಟೂ ಮೊದಲು ಬೆಳ್ಳಗೇ ಬರುತ್ತದೆ. ಕೆನೆ ಬಣ್ಣದ ಗೋಡೆಯಲ್ಲಿ ಒಂದಿಷ್ಟು ಉಪ್ಪು ಎದ್ದರೆ ಕಾಣುವುದಿಲ್ಲ, ಒರೆಸಿದರೆ ಆಯಿತು. ಕಡು ನೀಲಿ ಗೋಡೆಯಲ್ಲಿ ಒಂದು ಚುಕ್ಕೆ ಎದ್ದರೂ ಎದುರಿಗೆ ಬಂದವರಿಗೆ ಅದೇ ಕಾಣುತ್ತದೆ. ಹಾಗಾಗಿ ಮಳೆ ಹೊಡೆಯುವ ಹೊರಗೋಡೆಗಳ ಒಳಬದಿಗೆಲ್ಲ ತಿಳಿ ಬಣ್ಣ, ಗಾಢ ಬಣ್ಣ ಏನಿದ್ದರೂ ಕೋಣೆ ಕೋಣೆಗಳ ನಡುವಿನ ಒಣ ಗೋಡೆಗೆ ಅಂತ ಮಾಡಿದೆವು. ಯಾವ ಗೋಡೆ ಹೈಲೈಟ್ ಆಗಬೇಕು ಅಂತ ಮ್ಯಾಗಜೀನ್‌ಗಳು ಸೋಫಾ ನೋಡಿ ಹೇಳುತ್ತವೆ. ಮಲೆನಾಡಿನವರು ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ನೋಡಿ ತೀರ್ಮಾನಿಸಬೇಕು. ಇದನ್ನು ನಾನು ಯಾರಿಗೆ ಬೇಕಾದರೂ ಧೈರ್ಯವಾಗಿ ಹೇಳುತ್ತೇನೆ.

ಸುಣ್ಣ ಮಾಡಿದ್ದು ಹಿತ್ತಲಲ್ಲಿ. ಸುಣ್ಣದ ಕಲ್ಲನ್ನು ನೀರಿನ ಡ್ರಮ್ಮಿಗೆ ಹಾಕಿದ ಕೂಡಲೇ ಕೊತಕೊತ ಕುದಿಯುತ್ತದೆ. ಹತ್ತಿರ ಹೋಗಬಾರದು, ಕಣ್ಣಿಗೆ ಸಿಡಿದರೆ ಅಪಾಯ. ಮೇಸ್ತ್ರಿ ಕನ್ನಡಕ ಹಾಕಿಕೊಂಡೇ ಮಾಡಿದರು. ಕೆಲವು ದಿನ ಹಾಗೇ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅಂಟು ಸೇರಿಸಿ, ಅದಕ್ಕೆ ಹಳದಿ ಕಾವಿಯ ಪುಡಿ ಹಾಕಿದರು. ಸುಣ್ಣಕ್ಕೆ ಎಲ್ಲ ಬಣ್ಣವೂ ಒಗ್ಗುವುದಿಲ್ಲ. ಅದರ ಕ್ಷಾರಕ್ಕೆ ಅನೇಕ ಬಣ್ಣ ಸುಟ್ಟುಹೋಗುತ್ತದೆ. ಕಬ್ಬಿಣದ ಆಕ್ಸೈಡ್ ಇರುವ ಹಳದಿ ಕಾವಿ, ಕೆಂಪು ಕಾವಿಯಂಥವು ತಡೆಯುತ್ತವೆ. ಬಿಸಿಲಿಗೂ ಅವು ಮಾಸುವುದಿಲ್ಲ. ಪುಡಿ ಜಾಸ್ತಿ ಹಾಕಿದರೆ ಒಣಗಿದ ಮೇಲೆ ಕೈಗೆ, ಬಟ್ಟೆಗೆ ಅಂಟುತ್ತದೆ. ಹಾಗಾಗಿ ಸುಣ್ಣದ ಗೋಡೆ ಯಾವತ್ತೂ ಸೌಮ್ಯವೇ. ಹಸಿ ಇದ್ದಾಗ ಅರಿಶಿನದಷ್ಟು ಗಾಢವಾಗಿ ಕಂಡದ್ದು ಒಣಗುತ್ತಾ ಒಣಗುತ್ತಾ ತಿಳಿಯಾಗಿ, ನಡುಮನೆಯ ಕೆನೆ ಬಣ್ಣಕ್ಕೆ ಹತ್ತಿರ ಬಂದು ನಿಂತಿತು. ಮೂರು ಸಲ ತೆಳ್ಳಗೆ ಹಚ್ಚಿದರು. ಎಮಲ್ಷನ್, ಅಂದರೆ ಪ್ಲಾಸ್ಟಿಕ್ ಪೇಂಟ್, ಹಚ್ಚಿದ ಗೋಡೆಯಲ್ಲಿ ಇಲ್ಲದ ಒಂದು ಆಳ ಅದರಲ್ಲಿದೆ. ಬ್ರಷ್ಷಿನ ಎಳೆ ಕಾಣುತ್ತದೆ. ಬೆಳಿಗ್ಗೆಯ ಓರೆ ಬಿಸಿಲಿಗೆ ಒಂದೊಂದು ಕಡೆ ಒಂದೊಂದು ಛಾಯೆ.

ಒಳಗೋಡೆಗಳಲ್ಲಿ ಹಳೆ ಡಿಸ್ಟೆಂಪರ್ ಪದರದ ಮೇಲೆ ಪದರ ಇತ್ತು. ಅದರ ಮೇಲೇ ಎಮಲ್ಷನ್ ಹೊಡೆದರೆ ಡಿಸ್ಟೆಂಪರ್ ಸಮೇತ ಕಿತ್ತು ಬರುತ್ತದೆ. ಎಲ್ಲ ಕೆರೆದು ತೆಗೆಯಬೇಕಾಯಿತು. ಧೂಳು, ಒದ್ದೆ ಬಟ್ಟೆ, ಮನೆ ತುಂಬಾ ಸಾಮಾನು. ಆ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ನಡುಮನೆಯಿಂದ ಅಡಿಗೆಮನೆಗೆ ಹೋಗುವ ಓಣಿ ಕತ್ತಲೆಯದು. ಕಿಟಕಿ ಇಲ್ಲ, ಎರಡೂ ಕಡೆ ಒಳಗೋಡೆ. ಅಲ್ಲಿಗೆ ಬಿಳಿ ಹಚ್ಚಿದರೆ ಬೆಳಕಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಲಗೆ ಇಟ್ಟು ನೋಡಿದರೆ ಬೆಳಕೇ ಬರದ ಜಾಗದಲ್ಲಿ ಬಿಳಿ ಬರೀ ಮಂಕು ಬೂದಿಯಾಗಿ ಕಂಡಿತು. ವಾಪಸ್ ಕೊಡಲು ಬೆಳಕೇ ಇಲ್ಲದಿದ್ದರೆ ಬಿಳಿ ತಾನೇ ಏನು ಮಾಡುತ್ತದೆ? ಅಲ್ಲಿಗೆ ಸಾಸಿವೆ ಹಳದಿ ಹಚ್ಚಿಸಿದೆವು. ಎರಡೂ ಗೋಡೆ, ಮೇಲಿನ ಹಲಗೆ ಸೀಲಿಂಗ್‌ಗೂ ಅದೇ. ಮಗಳು ಕಳಿಸಿದ ಫೋಟೋಗಳ ಪದ್ಧತಿಗೆ ನಮ್ಮ ಮನೆಯಲ್ಲಿ ಹೇಳಿ ಮಾಡಿಸಿದ ಜಾಗ ಅದು. ಅಲ್ಲಿ ಯಾರೂ ಕೂರುವುದಿಲ್ಲ, ದಾಟಿ ಹೋಗುತ್ತಾರೆ. ಎಷ್ಟು ಜೋರು ಬಣ್ಣವಾದರೂ ಕಣ್ಣಿಗೆ ದಣಿವಿಲ್ಲ. ನಡುಮನೆಯಲ್ಲಿ ಕೂತು ನೋಡಿದರೆ ಬೀಟೆ ಮರದ ಬಾಗಿಲ ಚೌಕಟ್ಟಿನ ನಡುವೆ ಆ ಹಳದಿ ಒಂದು ಪಟ್ಟಿಯಾಗಿ ಕಾಣುತ್ತದೆ. ಕೆನೆ ಬಣ್ಣದ ಗೋಡೆಗೆ ಬೇಕಿದ್ದ ಉತ್ಸಾಹ ಅಷ್ಟರಿಂದಲೇ ಬಂತು.

ಹಳದಿ ಹಚ್ಚುವುದು ಸುಲಭವಲ್ಲ ಅಂತ ಗೊತ್ತಾದದ್ದು ಆಗಲೇ. ತಿಳಿ ಬಣ್ಣಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ತುಂಬಾ ಇರುತ್ತದೆ. ಕೆಳಗಿನದನ್ನು ಮುಚ್ಚುವ ಶಕ್ತಿ ಬರುವುದು ಅದರಿಂದ. ಗಾಢ ಬಣ್ಣದ ಬೇಸ್‌ನಲ್ಲಿ ಅದು ಕಡಿಮೆ. ಕೆಂಪು, ಹಳದಿ ಎರಡಕ್ಕೂ ಎರಡು ಕೋಟ್ ಸಾಲುವುದಿಲ್ಲ. ಮೇಸ್ತ್ರಿ ಪ್ರೈಮರ್‌ಗೇ ಒಂದಿಷ್ಟು ಹಳದಿ ಬೆರೆಸಿ ಹಚ್ಚಿ, ಮೇಲೆ ಮೂರು ಕೋಟ್ ಕೊಟ್ಟರು. ಅಂಗಡಿಯಲ್ಲಿ ಟಿಂಟಿಂಗ್ ಮಷಿನ್‌ನಲ್ಲಿ ಬೆರೆಸಿದ ಡಬ್ಬಿಗಳ ನಡುವೆಯೂ ಕೂದಲೆಳೆಯ ವ್ಯತ್ಯಾಸ ಬರಬಹುದು ಅಂತ ಅವರು ಎಲ್ಲ ಡಬ್ಬಿಯನ್ನು ಒಂದೇ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ ಆಮೇಲೆ ಶುರು ಮಾಡಿದರು. ಗಾಢ ಬಣ್ಣಕ್ಕೆ ಲೀಟರ್ ಬೆಲೆಯೂ ಜಾಸ್ತಿ, ಕೋಟೂ ಜಾಸ್ತಿ. ಸಣ್ಣ ಜಾಗಕ್ಕೆ ಇಟ್ಟುಕೊಂಡರೆ ಜೇಬಿಗೂ ಹಗುರ.

ಮಗಳ ಕೋಣೆಗೆ ಕಡು ನೀಲಿ ಬಂತು. ಆದರೆ ಯಾವ ಗೋಡೆಗೆ ಅನ್ನುವುದರ ಮೇಲೆ ಫೋನಿನಲ್ಲಿ ಬಹಳ ಹೊತ್ತು ಮಾತಾಯಿತು. ಅವಳಿಗೆ ಕಿಟಕಿ ಇರುವ ಗೋಡೆಗೇ ಬೇಕಿತ್ತು. ಕಿಟಕಿಯಿಂದ ಬೆಳಕು ನಮ್ಮ ಕಡೆ ಬರುವುದರಿಂದ ಆ ಗೋಡೆ ಯಾವಾಗಲೂ ನೆರಳಲ್ಲೇ ಇರುತ್ತದೆ. ಅಲ್ಲಿ ಕಡು ಬಣ್ಣ ಬರೀ ಕಪ್ಪಾಗುತ್ತದೆ, ಕಿಟಕಿ ಕಣ್ಣು ಕುಕ್ಕುತ್ತದೆ. ಎದುರಿನ ಗೋಡೆಗೆ ಬೆಳಕು ನೇರ ಬೀಳುತ್ತದೆ, ಅಲ್ಲಿ ನೀಲಿ ನೀಲಿಯಾಗಿಯೇ ಕಾಣುತ್ತದೆ. ಜೊತೆಗೆ ಕಿಟಕಿಯ ಗೋಡೆ ಹೊರಗೋಡೆ, ತೇವದ್ದು. ಎದುರಿನದು ಒಳಗೋಡೆ. ಎರಡು ಕಾರಣಕ್ಕೂ ಒಂದೇ ಉತ್ತರ ಬಂತು. ಹಲಗೆಯನ್ನು ಎರಡೂ ಕಡೆ ಇಟ್ಟು ವಿಡಿಯೋ ಕಾಲ್‌ನಲ್ಲಿ ತೋರಿಸಿದೆ, ಒಪ್ಪಿದಳು. ಪೇಂಟ್ ಮ್ಯಾಟ್ ಇರಲಿ ಅಂತ ಮೇಸ್ತ್ರಿ ಹೇಳಿದರು. ಹಳೆ ಗೋಡೆಯ ಏರು ತಗ್ಗು ಹೊಳೆಯುವ ಪೇಂಟಿನಲ್ಲಿ ಎದ್ದು ಕಾಣುತ್ತದೆ. ಮ್ಯಾಟ್‌ನಲ್ಲಿ ಕೈ ತಾಗಿದ ಕಡೆ ಹೊಳಪಿನ ಗುರುತು ಬೀಳುತ್ತದೆ ನಿಜ. ಅದಕ್ಕೆ ಮಂಚದ ತಲೆಯ ಹತ್ತಿರ ಹಲಸಿನ ಹಲಗೆ ಕೂರಿಸಿದೆವು.

ಪರದೆಗಳಿಗೆ ಬಿಳಿಯೂ ಅಲ್ಲದ, ಕಡುವೂ ಅಲ್ಲದ ಖಾದಿ ಹತ್ತಿ ಬಟ್ಟೆ ತಂದೆ. ಕಡು ಬಣ್ಣದ ದಪ್ಪ ಪರದೆ ಇಲ್ಲಿ ಬೇಡವೇ ಬೇಡ. ಆಗಸ್ಟ್‌ನಲ್ಲಿ ಬೂಷ್ಟು ಬಂದರೆ ಅದರ ಮೇಲೆ ಬೂದಿ ಎರಚಿದಂತೆ ಕಾಣುತ್ತದೆ, ಒಣಗಿಸಲು ಬಿಸಿಲೂ ಇರುವುದಿಲ್ಲ.

ಎಲ್ಲ ಮುಗಿದ ಮೇಲೆ ರಾತ್ರಿ ದೀಪ ಹಾಕಿದರೆ ನಡುಮನೆಯ ಕೆನೆ ಬಣ್ಣ ಆಸ್ಪತ್ರೆಯ ಗೋಡೆಯಂತೆ ಬೆಳ್ಳಗಾಗಿತ್ತು. ಬಲ್ಬ್ 6500 ಕೆಲ್ವಿನ್‌ನದು, ನೀಲಿ ಬಿಳುಪಿನ ಬೆಳಕು. ಎಲ್ಲವನ್ನೂ 3000 ಕೆಲ್ವಿನ್‌ನ ಬೆಚ್ಚನೆ ಬೆಳಕಿನ ಬಲ್ಬ್‌ಗೆ ಬದಲಾಯಿಸಿದೆವು. ಬಲ್ಬಿನ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ ಸಿಆರ್‌ಐ, ಅದು 90ಕ್ಕಿಂತ ಮೇಲಿರುವುದನ್ನೇ ಕೇಳಿ ತಂದೆ. ಆ ಸಂಖ್ಯೆ ಕಡಿಮೆ ಇರುವ ಎಲ್‌ಇಡಿಯಲ್ಲಿ ಕೆಂಪು ಸತ್ತು ಹೋಗುತ್ತದೆ. ಕಾವಿ ನೆಲದ ಮನೆಗೆ ಅದು ಸಣ್ಣ ವಿಷಯ ಅಲ್ಲ.

ಹೊರಗೆ ಗೋಡೆಗೆ ಕೆನೆ, ನೆಲದಿಂದ ಎರಡಡಿ ಎತ್ತರಕ್ಕೆ ಕೆಮ್ಮಣ್ಣಿನ ಬಣ್ಣದ ಪಟ್ಟಿ. ಹಳೆ ಮನೆಗಳಲ್ಲೆಲ್ಲ ಇರುವುದೇ. ಸೂರಿನ ನೀರು ಅಂಗಳಕ್ಕೆ ಬಿದ್ದು ಮಣ್ಣು ಸಿಡಿಯುವುದು ಸರಿಯಾಗಿ ಅಷ್ಟೇ ಎತ್ತರಕ್ಕೆ. ತಗ್ಗಿನಲ್ಲಿ ಗಾಢ, ಮೇಲೆ ತಿಳಿ. ಚೆಂದಕ್ಕೂ ಆಯಿತು, ಕೆಸರಿಗೂ ಆಯಿತು.

ಬಾಕಿ ಉಳಿದಿರುವುದು ಅತ್ತೆಯ ಕೋಣೆ. ಕೊಯ್ಲು ಮುಗಿದ ಮೇಲೆ ಮಾಡೋಣ ಅಂತ ಅವರೇ ಹೇಳಿದ್ದರು. ನೀಲಿ ಅವರಿಗೆ ಕಪ್ಪಾಗಿ ಕಂಡದ್ದರ ಬಗ್ಗೆ ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ಕೇಳಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಬೆಳಕನ್ನು ಒಳಗೆ ಬಿಡುವುದು ಕಡಿಮೆಯಾಗುತ್ತದೆ ಅಂತ ವಿವರಿಸಿದರು. ಕಡು ನೀಲಿ, ಕಪ್ಪು, ಕಂದು ಒಂದೇ ತರಹ ಕಾಣಬಹುದು. ಇಡೀ ಕೋಣೆ ಒಂದೇ ತಿಳಿ ಬಣ್ಣವಾದರೂ ಅವರಿಗೆ ಕಷ್ಟವೇ. ಗೋಡೆ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ.

ಹಾಗಾಗಿ ಅವರ ಕೋಣೆಗೆ ಬೇರೆಯೇ ಲೆಕ್ಕ ಹಾಕುತ್ತಿದ್ದೇವೆ. ಗೋಡೆಗೆ ಸುಣ್ಣದ ಕೆನೆ. ಸ್ವಿಚ್ ಬೋರ್ಡಿನ ಸುತ್ತ, ಬಚ್ಚಲಿಗೆ ಇಳಿಯುವ ಮೆಟ್ಟಿಲಿನ ಅಂಚಿಗೆ, ಹಿಡಿದುಕೊಳ್ಳುವ ಕಂಬಿಗೆ ಓಣಿಯ ಅದೇ ಸಾಸಿವೆ ಹಳದಿ. ಮೆಟ್ಟಿಲಿನ ಅಂಚಿಗೆ ಒಂದು ಗೆರೆ ಎಳೆದು ಪರೀಕ್ಷೆ ಮಾಡಿದೆವು. ಬಚ್ಚಲ ಮನೆಯ ಲೈಟ್ ಹಾಕದೆಯೂ ಅವರಿಗೆ ಗೆರೆ ಕಂಡಿತು. ಮಂಚದ ಎದುರಿನ ಗೋಡೆಗೆ ಏನಾದರೂ ಬಣ್ಣ ಬೇಕಾ ಅಂತ ಕೇಳಿದ್ದೇನೆ. ನಾಲ್ಕು ಹಲಗೆ ಅಲ್ಲಿ ಒರಗಿಸಿ ಇಟ್ಟಿದ್ದೇನೆ. ಸದ್ಯಕ್ಕೆ ಕಿತ್ತಳೆ ಮತ್ತು ಕೆಮ್ಮಣ್ಣಿನ ನಡುವೆ ಅವರ ಮನಸ್ಸು ಓಡಾಡುತ್ತಿದೆ. ಮೇಸ್ತ್ರಿ ಮೇ ಮೊದಲ ವಾರ ಬರುತ್ತೇನೆ ಅಂದಿದ್ದಾರೆ. ಸುಣ್ಣದ ಕಲ್ಲು ಅದಕ್ಕೆ ಮುಂಚೆ ತರಿಸಬೇಕು.